ಪಿತ್ರಾರ್ಜಿತ

ಪಾಲುಪತ್ರ, ಕ್ರಯಪತ್ರಗಳನ್ನು ಓದಿ ಬಲ್ಲ ವಾಚಕರಿಗೆ ಎರಡು ಶಬ್ದಗಳು ಚಿರಪರಿಚಿತವಾಗಿವೆ: ಸ್ವಯಾರ್ಜಿತ ಮತ್ತು ಪಿತ್ರಾರ್ಜಿತ. ಒಬ್ಬನು ತನ್ನ ದುಡಿಮೆಯಿಂದ ಗಳಿಸಿದ್ದು ಮೊದಲನೆಯದು. ಹಿರಿಯರಿಂದ ಇಳಿದು ಬಂದದ್ದು ಎರಡನೆಯದು. ದಸ್ತಾವೇಜು ಬರೆಯುವವರು ಈ ಶಬ್ದಗಳನ್ನು ರೂಢಿಯ ಬಲದಿಂದ ಬರೆದು ಮುಂದೆ ಹೋಗುತ್ತಾರೆ. ಸಹಿ ಹಾಕುವವರೂ ಅವುಗಳ ಮೇಲೆ ಕಣ್ಣಾಡಿಸಿ ಸುಮ್ಮನಾಗುತ್ತಾರೆ. ಆದರೆ ಕುಟುಂಬದಲ್ಲಿ ತಂದೆಯ ಸ್ಥಾನವೇನು, ಅಜ್ಜನ ಸ್ಥಾನವೇನು ಎಂಬ ಪ್ರಶ್ನೆಯನ್ನು ವಿಚಾರಿಸಲು ಹೊರಟವನಿಗೆ ಈ ಎರಡು ಶಬ್ದಗಳ ನಡುವಣ ಗೆರೆಗಿಂತ ಒಳ್ಳೆಯ ಆರಂಭಸ್ಥಾನ ದೊರೆಯಲಾರದು.

ಸಾಮಾನ್ಯವಾಗಿ ನಾವು ಕೊಡುವ ಉತ್ತರ ಸರಳವಾದದ್ದು. ತಂದೆ ಮನೆಯ ಯಜಮಾನ, ದುಡಿದು ತರುವವನು. ಅಜ್ಜ ಗೌರವಕ್ಕೆ ಪಾತ್ರನಾದ ಹಿರಿಯ, ಪಡಸಾಲೆಯಲ್ಲಿ ಕುಳಿತು ಬಂದವರನ್ನು ಮಾತನಾಡಿಸುವವನು. ಈ ಉತ್ತರ ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಇದರಲ್ಲಿ ತಂದೆಯು ಒಡೆಯನಾಗಿಯೂ ಅಜ್ಜನು ಮಾಜಿ ಒಡೆಯನಾಗಿಯೂ ಉಳಿದುಬಿಡುತ್ತಾರೆ. ಒಡೆತನವನ್ನು ಬಿಟ್ಟು ಇವರಿಬ್ಬರಿಗೆ ಬೇರೆ ಮಹತ್ವವೇ ಇಲ್ಲವೇ? ಮತ್ತು ತಂದೆಯು ನಿಜವಾಗಿಯೂ ಒಡೆಯನೇ?

ಈ ಎರಡನೆಯ ಪ್ರಶ್ನೆಗೆ ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ನಮ್ಮ ನಾಡಿನಲ್ಲಿಯೇ ಕುಳಿತು ಉತ್ತರ ಕೊಟ್ಟವನು ವಿಜ್ಞಾನೇಶ್ವರ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣದಲ್ಲಿ, ಆತನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ 'ಮಿತಾಕ್ಷರಾ' ಎಂಬ ವ್ಯಾಖ್ಯಾನವು ಬಂಗಾಳ ಮೊದಲಾದ ಪೂರ್ವಪ್ರಾಂತಗಳನ್ನು ಬಿಟ್ಟು ಭಾರತದ ಬಹುಭಾಗದಲ್ಲಿ ಪ್ರಮಾಣವಾಯಿತು. 1810ರಲ್ಲಿ ಕೋಲ್‌ಬ್ರೂಕನು ಅದರ ದಾಯವಿಭಾಗವನ್ನು ಇಂಗ್ಲಿಷಿಗೆ ಅನುವಾದಿಸಿದ ಮೇಲೆ ಬ್ರಿಟಿಷರ ನ್ಯಾಯಾಲಯಗಳೂ ಅದನ್ನೇ ಆಧಾರವಾಗಿಟ್ಟುಕೊಂಡವು. ಕಲ್ಯಾಣದ ಒಬ್ಬ ಪಂಡಿತನ ಮಾತು ಲಾಹೋರಿನಲ್ಲಿಯೂ ಮದರಾಸಿನಲ್ಲಿಯೂ ಅಣ್ಣತಮ್ಮಂದಿರ ವ್ಯಾಜ್ಯಗಳನ್ನು ತೀರಿಸಿತು ಎಂಬುದು ಕನ್ನಡಿಗರು ಅಷ್ಟಾಗಿ ನೆನೆಯದಿರುವ ಸಂಗತಿ.

ಆತನ ಸಿದ್ಧಾಂತದ ತಿರುಳು ಇದು: ಅಜ್ಜನು ಗಳಿಸಿಟ್ಟ ಭೂಮಿಯಲ್ಲಿ ತಂದೆಗೆ ಎಷ್ಟು ಸ್ವಾಮ್ಯವೋ ಮಗನಿಗೂ ಅಷ್ಟೇ ಸ್ವಾಮ್ಯ. ಅದು ತಂದೆ ದಯಪಾಲಿಸಿ ಕೊಡುವುದಲ್ಲ, ತಂದೆ ತೀರಿಕೊಂಡ ಮೇಲೆ ಬರುವುದೂ ಅಲ್ಲ, ಹುಟ್ಟಿನಿಂದಲೇ ಬರುವುದು. ಬಂಗಾಳದ ಜೀಮೂತವಾಹನನು 'ದಾಯಭಾಗ'ದಲ್ಲಿ ಇದನ್ನು ಒಪ್ಪಲಿಲ್ಲ. ಆತನ ಮತದಲ್ಲಿ ತಂದೆಯ ಜೀವಿತಕಾಲದಲ್ಲಿ ಮಗನಿಗೆ ಏನೂ ಇಲ್ಲ. ತಂದೆಯ ಸ್ವಾಮ್ಯ ಕೊನೆಗೊಂಡ ಮೇಲೆ ಮಗನ ಸ್ವಾಮ್ಯ ಹುಟ್ಟುತ್ತದೆ. ಕಲ್ಯಾಣದ ಮತದಲ್ಲಿ ತಂದೆಯು ತೊಟ್ಟಿಲಲ್ಲಿರುವ ಕೂಸಿನೊಡನೆ ಸಮಪಾಲುದಾರ. ಬಂಗಾಳದ ಮತದಲ್ಲಿ ಆತನು ಏಕಮೇವ ಒಡೆಯ.

ವಿಜ್ಞಾನೇಶ್ವರನು ಇಲ್ಲಿಗೇ ನಿಲ್ಲುವುದಿಲ್ಲ. ಹುಟ್ಟಿರುವವರು ಮಾತ್ರವಲ್ಲ, ಗರ್ಭದಲ್ಲಿರುವವರು, ಇನ್ನೂ ಹುಟ್ಟದೆ ಇರುವವರು ಕೂಡ ಜೀವನಾಧಾರವನ್ನು ಅಪೇಕ್ಷಿಸುವವರೇ ಆದ್ದರಿಂದ ಹಿರಿಯರ ಭೂಮಿಯನ್ನು ಮನಬಂದಂತೆ ದಾನಮಾಡಕೂಡದು, ಮಾರಕೂಡದು ಎಂಬ ಪ್ರಾಚೀನ ವಚನವನ್ನು ಆತನು ಎತ್ತಿ ಹಿಡಿಯುತ್ತಾನೆ. ಹಾಗಾದರೆ ಎಂದೂ ಮಾರಲೇಬಾರದೇ? ಮೂರು ಸಂದರ್ಭಗಳಲ್ಲಿ ಒಬ್ಬನೇ ಕೂಡ ವಿಕ್ರಯ ಮಾಡಬಹುದು: ಆಪತ್ಕಾಲದಲ್ಲಿ, ಕುಟುಂಬದ ಪೋಷಣೆಗಾಗಿ, ಧರ್ಮಕಾರ್ಯಕ್ಕಾಗಿ. ತನ್ನ ಸುಖಕ್ಕಾಗಿ ಎಂಬ ನಾಲ್ಕನೆಯ ಕಾರಣ ಆ ಪಟ್ಟಿಯಲ್ಲಿ ಇಲ್ಲ. ಇದನ್ನು ಓದಿದಾಗಲೆಲ್ಲ, ಇನ್ನೂ ಹುಟ್ಟದ ಮೊಮ್ಮಗನನ್ನು ಪಾಲಿನ ಪಂಚಾಯಿತಿಗೆ ಕರೆತಂದು ಕೂಡಿಸಿದ ಆ ವ್ಯಾಖ್ಯಾನಕಾರನ ಬಗ್ಗೆ ನನಗೆ ಗೌರವ ಹೆಚ್ಚುತ್ತದೆ.

ಆದರೆ ಆ ಪಂಚಾಯಿತಿಯಲ್ಲಿ ಮೊಮ್ಮಗಳಿಗೆ ಜಾಗವಿರಲಿಲ್ಲ. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಹುಟ್ಟಿನಿಂದ ಸ್ವಾಮ್ಯ ಎಂಬ ಉದಾರ ತತ್ತ್ವವು ಗಂಡುಮಕ್ಕಳ ಹುಟ್ಟಿಗೆ ಮಾತ್ರ ಅನ್ವಯಿಸಿತು. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ಕೂಡ ಈ ಕೊರತೆಯನ್ನು ಪೂರ್ತಿಯಾಗಿ ನೀಗಿಸಲಿಲ್ಲ. ಕರ್ನಾಟಕವು 1994ರಲ್ಲಿ ತಿದ್ದುಪಡಿ ತಂದು ಅವಿವಾಹಿತ ಹೆಣ್ಣುಮಕ್ಕಳಿಗೆ ಜನ್ಮಸಿದ್ಧ ಪಾಲನ್ನು ಕೊಟ್ಟಿತು. 2005ರಲ್ಲಿ ಕೇಂದ್ರದ ತಿದ್ದುಪಡಿಯು ವಿವಾಹಿತೆ ಅವಿವಾಹಿತೆ ಎಂಬ ಭೇದವಿಲ್ಲದೆ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ತಂದೆ 2005ರಲ್ಲಿ ಬದುಕಿರಬೇಕೆಂಬ ನಿರ್ಬಂಧವಿಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಇಷ್ಟಾದರೂ ತವರಿನ ಒಂದು ಸೀರೆ, ಒಂದು ಕುಪ್ಪಸ, ಮಡಿಲು ತುಂಬಿದ ಅಕ್ಕಿಗೆ ಪ್ರತಿಯಾಗಿ ಅಕ್ಕತಂಗಿಯರಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಪಡೆಯುವ ಪರಿಪಾಠ ಎಷ್ಟು ಮನೆಗಳಲ್ಲಿ ನಡೆದಿದೆಯೆಂಬುದನ್ನು ವಾಚಕರೇ ಬಲ್ಲರು. ಸಹಿ ಹಾಕಿಸುವ ದಿನ ತಂದೆಯಾಗಲಿ ಅಜ್ಜನಾಗಲಿ ಬದುಕಿದ್ದರೆ ಅವರು ಎಲ್ಲಿ ನೋಡುತ್ತಿರುತ್ತಾರೆ ಎಂಬುದನ್ನು ಒಮ್ಮೆ ಗಮನಿಸಿ ನೋಡಿ.

ಇನ್ನೊಂದು ಸಂಗತಿಯನ್ನೂ ಇಲ್ಲಿ ಹೇಳದಿದ್ದರೆ ಅರ್ಧಸತ್ಯವಾದೀತು. ತಂದೆಯ ಸ್ವಯಾರ್ಜಿತವು 1956ರ ಕಾಯಿದೆಯ ಮೇರೆಗೆ ಮಗನಿಗೆ ಬಂದಾಗ ಅದು ಮಗನ ಸ್ವಂತದ್ದೇ ಆಗುತ್ತದೆ, ಅದರಲ್ಲಿ ಮೊಮ್ಮಗನಿಗೆ ಹುಟ್ಟಿನಿಂದ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 1986ರಲ್ಲಿಯೇ ಹೇಳಿದೆ. ಅಂದರೆ ಕಾನೂನು ನಿಧಾನವಾಗಿ ಮೊಮ್ಮಕ್ಕಳನ್ನು ಪಂಚಾಯಿತಿಯಿಂದ ಹೊರಗೆ ಕಳಿಸುತ್ತ ಬಂದಿದೆ. ಕಾನೂನಿಗೆ ಅದರದ್ದೇ ಕಾರಣಗಳಿರಬಹುದು. ನಮ್ಮ ಪ್ರಶ್ನೆ ಬೇರೆ. ಕೋರ್ಟು ಕೇಳದಿದ್ದರೂ ತಂದೆಯಾದವನು ತನ್ನನ್ನು ತಾನು ಒಡೆಯನೆಂದು ತಿಳಿಯಬೇಕೇ, ಅಥವಾ ಕೊಟ್ಟವರಿಗೂ ಕೊಳ್ಳುವವರಿಗೂ ನಡುವೆ ನಿಂತ ಪಾರುಪತ್ಯಗಾರನೆಂದು ತಿಳಿಯಬೇಕೇ?

ನಾನು ಎರಡನೆಯದನ್ನೇ ಹೇಳುವವನು. ಮತ್ತು ಈ ಮಾತು ಎಕರೆ ಗುಂಟೆಗಳಿಗೆ ಸೀಮಿತವಾದದ್ದಲ್ಲ. ನೀರನ್ನೇ ತೆಗೆದುಕೊಳ್ಳಿ. ಅಜ್ಜ ತೋಡಿಸಿದ್ದು ಮೆಟ್ಟಿಲುಗಳಿದ್ದ ತೆರೆದ ಬಾವಿ. ಅದರ ನೀರು ಎಷ್ಟಿದೆಯೆಂಬುದು ಮನೆಯ ಮಕ್ಕಳಿಗೂ ಕಣ್ಣಿಗೆ ಕಾಣುತ್ತಿತ್ತು. ಅಪ್ಪ ಕೊರೆಸಿದ್ದು ಕೊಳವೆ ಬಾವಿ. ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಅದು ಸಾವಿರ ಅಡಿಯನ್ನೂ ದಾಟಿ ಕೆಳಗೆ ಇಳಿದದ್ದುಂಟು. ಭೂಮಿಯ ಹೊಟ್ಟೆಯಲ್ಲಿ ಶತಮಾನಗಳ ಕಾಲ ಸಂಗ್ರಹವಾದ ನೀರು ಯಾವ ಅರ್ಥದಲ್ಲಿ ಒಂದು ತಲೆಮಾರಿನ ಸ್ವಯಾರ್ಜಿತ? ದೊಡ್ಡ ನಗರಗಳ ಅಂಚಿನ ಹಳ್ಳಿಗಳಲ್ಲಿ ನಾಲ್ಕು ತಲೆಮಾರು ರಾಗಿ ಬೆಳೆದ ಹೊಲ ಒಂದೇ ಬೆಳಗ್ಗೆ ಹಣವಾಗಿ, ಆ ಹಣ ಕೆಲವೇ ವರ್ಷಗಳಲ್ಲಿ ವಾಹನವಾಗಿ, ಆಡಂಬರದ ಮದುವೆಯಾಗಿ ಕರಗಿಹೋದ ಉದಾಹರಣೆಗಳನ್ನು ಹುಡುಕಲು ದೂರ ಹೋಗಬೇಕಾಗಿಲ್ಲ. ಅಲ್ಲಿ ಆಪತ್ತು ಯಾವುದಿತ್ತು?

ಇರಲಿ, ಆಸ್ತಿಯ ಮಾತನ್ನು ಇಲ್ಲಿಗೆ ಬಿಟ್ಟು ಆಸ್ತಿಯೇ ಇಲ್ಲದವರ ಮನೆಗೆ ಬರೋಣ. ಗುಂಟೆ ಜಮೀನೂ ಇಲ್ಲದ ಮನೆಯಲ್ಲಿಯೂ ಪಿತ್ರಾರ್ಜಿತವಿದೆ. ಸಿಟ್ಟು ಬಂದಾಗ ಕೈಯೆತ್ತುವ ರೀತಿ, ಸೋತಾಗ ಮಾತು ಬಿಡುವ ರೀತಿ, ಸಾಲ ಕೇಳುವಾಗಿನ ಧ್ವನಿ, ಬಂದ ಅತಿಥಿಗೆ ನೀರು ಕೊಡುವ ತಂಬಿಗೆಯನ್ನು ಹಿಡಿಯುವ ಕೈ, ಇವೆಲ್ಲವೂ ತಂದೆಯಿಂದ ಮಗನಿಗೆ ಯಾವ ನೋಂದಣಿಯೂ ಇಲ್ಲದೆ ವರ್ಗಾವಣೆಯಾಗುತ್ತವೆ. ಬಡಿಗನ ಮಗ ಉಳಿ ಹಿಡಿಯುವುದನ್ನು ಕಲಿಯುವಾಗ ಉಳಿಯೊಡನೆ ತಂದೆಯ ತಾಳ್ಮೆಯನ್ನೋ ತಾಳ್ಮೆಗೇಡಿತನವನ್ನೋ ಕಲಿಯುತ್ತಾನೆ.

ಇಲ್ಲಿಯೇ ಅಜ್ಜನ ಮಹತ್ವ ಪ್ರಕಟವಾಗುವುದು. ಅದು ಕಥೆ ಹೇಳುವುದರಲ್ಲಿದೆ, ಜಾತ್ರೆಯಲ್ಲಿ ಹೆಗಲ ಮೇಲೆ ಕೂಡಿಸಿಕೊಳ್ಳುವುದರಲ್ಲಿದೆ ಎಂದು ಎಲ್ಲರೂ ಹೇಳುತ್ತಾರೆ. ಹೌದು, ಅವೂ ಇವೆ. ಅಸಲಿಗಿಂತ ಬಡ್ಡಿಯ ಮೇಲೆ ಮೋಹ ಹೆಚ್ಚೆಂದು ಜನರು ಅಜ್ಜಂದಿರನ್ನು ಪರಿಹಾಸ್ಯ ಮಾಡುವುದೂ ಉಂಟು. ಆದರೆ ನನ್ನ ದೃಷ್ಟಿಯಲ್ಲಿ ಅಜ್ಜನಿಂದಾಗುವ ದೊಡ್ಡ ಉಪಕಾರ ಇನ್ನೊಂದು. ಅಜ್ಜನಿಲ್ಲದ ಮನೆಯಲ್ಲಿ ಮಗು ತನ್ನ ತಂದೆಯನ್ನು ತಂದೆಯನ್ನಾಗಿ ಮಾತ್ರ ಕಾಣುತ್ತದೆ: ಆಜ್ಞೆ ಮಾಡುವವನು, ಗದರಿಸುವವನು, ಯಾರಿಗೂ ಉತ್ತರ ಕೊಡಬೇಕಾಗಿಲ್ಲದವನು. ಅಜ್ಜನಿರುವ ಮನೆಯಲ್ಲಿ ಅದೇ ತಂದೆ ಒಬ್ಬ ಮಗನೂ ಹೌದು. ಹೊತ್ತು ಮೀರಿ ಮನೆಗೆ ಬಂದವನನ್ನು "ಯಾಕಪ್ಪಾ, ಇಷ್ಟು ತಡ?" ಎಂದು ಕೇಳುವವರೊಬ್ಬರು ಅಲ್ಲಿದ್ದಾರೆ. ಆತನು ಧ್ವನಿ ತಗ್ಗಿಸಿ ಕಾರಣ ಹೇಳುತ್ತಾನೆ. ಮೂಲೆಯಲ್ಲಿ ಓದುತ್ತ ಕುಳಿತ ಹುಡುಗಿ ಅದನ್ನು ಕೇಳುತ್ತಾಳೆ. ದೊಡ್ಡವರಿಗೂ ಕಾರಣ ಹೇಳುವ ಬಾಧ್ಯತೆಯಿದೆಯೆಂಬುದನ್ನು ಯಾವ ಪಾಠಪುಸ್ತಕವೂ ಅಷ್ಟು ಚೆನ್ನಾಗಿ ಆಕೆಗೆ ತಿಳಿಸಲಾರದು.

ಮಗನು ಮುದಿ ತಂದೆಯ ಕಾಲಿಗೆ ಎಣ್ಣೆ ತಿಕ್ಕುವುದನ್ನು ಮೊಮ್ಮಗ ನೋಡುತ್ತಾನೆ. ಮಗನು ಮುದಿ ತಂದೆಯ ಮಾತನ್ನು ಅರ್ಧಕ್ಕೇ ಕತ್ತರಿಸುವುದನ್ನೂ ನೋಡುತ್ತಾನೆ. ಎರಡೂ ದಾಖಲಾಗುತ್ತವೆ.

ಹಾಗೆಂದು ಅಜ್ಜನಿದ್ದ ಮಾತ್ರಕ್ಕೆ ಮನೆ ನಂದನವನವಾಗುತ್ತದೆಂದು ಯಾರೂ ಭ್ರಮಿಸಬೇಕಾಗಿಲ್ಲ. ಬೀಗದ ಕೈ ಸೊಂಟದಲ್ಲಿಟ್ಟುಕೊಂಡು, ಐವತ್ತು ವರ್ಷದ ಮಗನಿಗೆ ಬೀಜ ಕೊಳ್ಳಲು ಹಣ ಎಣಿಸಿ ಕೊಡುವ, ಸೊಸೆಯಂದಿರು ಜೋರಾಗಿ ನಕ್ಕರೆ ಕೆಮ್ಮುವ ಅಜ್ಜಂದಿರ ಆಳ್ವಿಕೆಯಲ್ಲಿ ಎಷ್ಟು ಜೀವಗಳು ಬಾಡಿವೆಯೋ ಲೆಕ್ಕವಿಟ್ಟವರಿಲ್ಲ. ಮಹಾಭಾರತದ ಯಯಾತಿಯ ಕಥೆ ಇಂಥ ಹಿರಿಯರದೇ. ಶುಕ್ರಾಚಾರ್ಯರ ಶಾಪದಿಂದ ಮುಪ್ಪಡರಿದ ಆ ರಾಜನು ಐದು ಮಂದಿ ಮಕ್ಕಳ ಮುಂದೆ ಕೈಯೊಡ್ಡಿ ಯೌವನವನ್ನು ಬೇಡಿದನು. ನಾಲ್ವರು ಕೊಡಲಿಲ್ಲ; ಕಿರಿಯನಾದ ಪೂರು ಕೊಟ್ಟನು. ನಾವು ಪೂರುವಿನ ಪಿತೃಭಕ್ತಿಯನ್ನು ಕೊಂಡಾಡುತ್ತ ಬಂದಿದ್ದೇವೆ. ಆದರೆ ಬೇಡಿದವನ ಕುರಿತು ವಿಚಾರಿಸಿದ್ದೇವೆಯೇ? ಸಾವಿರ ವರ್ಷ ಭೋಗಿಸಿ, ತೃಷ್ಣೆ ಭೋಗದಿಂದ ಹಿಂಗುವುದಿಲ್ಲವೆಂದು ಅರಿತು, ಯೌವನವನ್ನೂ ರಾಜ್ಯವನ್ನೂ ಪೂರುವಿಗೆ ಒಪ್ಪಿಸಿ ಆತನು ಕಾಡಿಗೆ ಹೋದನೆಂದು ಕಥೆ ಹೇಳುತ್ತದೆ. ನಮ್ಮ ಕಾಲದ ಯಯಾತಿಗಳಿಗೆ ಸಾವಿರ ವರ್ಷಗಳ ಅವಕಾಶವಿಲ್ಲ, ಮಕ್ಕಳ ಯೌವನವೂ ಮರಳಿ ಕೊಡುವಂಥದಲ್ಲ. ತಾನು ಡಾಕ್ಟರಾಗಲಿಲ್ಲವೆಂದು ಮಗಳನ್ನು ಡಾಕ್ಟರಾಗಿಸಲು ಹೊರಟ ತಂದೆಯೂ ಬೇಡುತ್ತಿರುವುದು ಯೌವನವನ್ನೇ ಅಲ್ಲವೇ?

ಯಯಾತಿಗೆ ವಿರುದ್ಧವಾದ ತುದಿಯಲ್ಲಿ ಭೀಷ್ಮನಿದ್ದಾನೆ. ತಂದೆಯ ಮುಪ್ಪಿನ ಆಸೆಗಾಗಿ ರಾಜ್ಯವನ್ನೂ ಸಂಸಾರವನ್ನೂ ತೊರೆದವನು ಆತ. ಮಕ್ಕಳಿಲ್ಲದೆಯೂ ಇಡೀ ಕುಲಕ್ಕೆ ಪಿತಾಮಹನೆನಿಸಿದವನು. ತನಗಾಗಿ ಏನನ್ನೂ ಇಟ್ಟುಕೊಳ್ಳದ ಆ ಅಜ್ಜನ ಮೇಲೆ ಒಡೆತನದ ಅಪವಾದ ಹೊರಿಸಲು ಬಾರದು. ಆದರೆ ದ್ಯೂತಸಭೆಯಲ್ಲಿ ಮೊಮ್ಮಕ್ಕಳ ಪತ್ನಿಯು ಎಲ್ಲರ ಎದುರು ನಿಂತು ಪ್ರಶ್ನೆ ಕೇಳಿದಾಗ ಧರ್ಮದ ಗತಿ ಸೂಕ್ಷ್ಮವೆಂದು ಹೇಳಿ ಆತನು ನುಣುಚಿಕೊಂಡನು. ವಿದುರನನ್ನು ಬಿಟ್ಟರೆ ಅಲ್ಲಿ ನೇರವಾಗಿ ಮಾತನಾಡಿದವನು ಕೌರವರಲ್ಲೇ ಕಿರಿಯನೊಬ್ಬ, ವಿಕರ್ಣ. ಹಿರಿಯನು ಆಡಬೇಕಾದ ಮಾತನ್ನು ಹುಡುಗನು ಆಡಬೇಕಾಯಿತು. ಹುಡುಗನ ಮಾತನ್ನು ಯಾರೂ ಕೇಳಲಿಲ್ಲ. ಅಧಿಕಾರವನ್ನು ಬಿಟ್ಟುಕೊಡುವುದು ಬೇರೆ, ಬಾಯಿಯನ್ನು ಬಿಟ್ಟುಕೊಡುವುದು ಬೇರೆ. ಮಗನು ಕುಡಿದು ಬಂದು ಹೆಂಡತಿಯನ್ನು ಹೊಡೆಯುವ ಮನೆಯಲ್ಲಿ, ಗೋಡೆಯ ಕಡೆಗೆ ಮಗ್ಗುಲಾಗಿ ಮಲಗಿದ ಅಜ್ಜನಿಗೆ ನಿದ್ದೆ ಬಂದಿಲ್ಲವೆಂಬುದು ಮೊಮ್ಮಕ್ಕಳಿಗೆ ಗೊತ್ತಿರುತ್ತದೆ.

ಸಾಲದ ವಿಷಯದಲ್ಲಿ ನಮ್ಮ ಧರ್ಮಶಾಸ್ತ್ರಕಾರರು ಮಾಡಿದ ಒಂದು ವಿಭಾಗ ಇಲ್ಲಿ ನೆನಪಿಗೆ ಬರುತ್ತದೆ. ತಂದೆಯ ಸಾಲವನ್ನು ಮಗನೂ ಮೊಮ್ಮಗನೂ ತೀರಿಸಬೇಕು. ಆದರೆ ಮೊಮ್ಮಗನು ಅಸಲನ್ನಷ್ಟೇ ಕೊಟ್ಟರೆ ಸಾಕು, ಬಡ್ಡಿ ಕೊಡಬೇಕಾಗಿಲ್ಲವೆಂಬುದು ಬೃಹಸ್ಪತಿಯ ಮತ. ಮದ್ಯಕ್ಕಾಗಿ, ಜೂಜಿಗಾಗಿ, ಕಾಮಕ್ಕಾಗಿ ತಂದೆ ಮಾಡಿದ ಸಾಲವನ್ನಂತೂ ಮಗನು ತೀರಿಸಬೇಕಾಗಿಯೇ ಇಲ್ಲವೆಂದು ಯಾಜ್ಞವಲ್ಕ್ಯ ಸ್ಮೃತಿ ಬಿಡುಗಡೆ ಮಾಡಿತು. ತಂದೆಯ ಸಾಲಕ್ಕೆ ಮಗನು ಧರ್ಮತಃ ಹೊಣೆ ಎಂಬ ಕಟ್ಟಳೆಯನ್ನೇ 2005ರ ತಿದ್ದುಪಡಿಯು ಆ ಬಳಿಕದ ಸಾಲಗಳಿಗೆ ಇಲ್ಲವಾಗಿಸಿತು. ಕಾಗದದ ಮೇಲಿನ ಸಾಲಕ್ಕೆ ಹೀಗೆ ಮುಕ್ತಿಯುಂಟು. ಕುಡುಕ ತಂದೆಯ ಮಗನು ಊರಿನಲ್ಲಿ ತಲೆತಗ್ಗಿಸಿ ನಡೆಯುವ ಸಾಲಕ್ಕೆ ಯಾವ ಸ್ಮೃತಿ, ಯಾವ ಕಾಯಿದೆ ಮುಕ್ತಿ ಕೊಟ್ಟೀತು? ಬಡ್ಡಿ ಅಸಲು ಎರಡನ್ನೂ ಆತನೇ ಕೊಡುತ್ತಾನೆ, ಎಷ್ಟೋ ಸಲ ಆತನ ಮಕ್ಕಳೂ ಕೊಡುತ್ತಾರೆ.

ವರ್ತಮಾನದ ಸ್ಥಿತಿ ಇನ್ನಷ್ಟು ವಿಚಿತ್ರವಾಗಿದೆ. ರಾಯಚೂರು, ಯಾದಗಿರಿ, ಕಲಬುರಗಿ ಜಿಲ್ಲೆಗಳ ಅನೇಕ ಗ್ರಾಮಗಳಲ್ಲಿ ಸುಗ್ಗಿ ಮುಗಿದ ಮೇಲೆ ಗಂಡಹೆಂಡಿರು ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೋ ಪುಣೆಗೋ ಮುಂಬಯಿಗೋ ಹೋಗುತ್ತಾರೆ. ಶಾಲೆ ತಪ್ಪಬಾರದೆಂದು ಮಕ್ಕಳನ್ನು ಮುತ್ಯಾನ ಬಳಿ ಬಿಟ್ಟು ಹೋಗುತ್ತಾರೆ. ಆ ಊರುಗಳಲ್ಲಿ ಅಜ್ಜಂದಿರಿದ್ದಾರೆ, ಮೊಮ್ಮಕ್ಕಳಿದ್ದಾರೆ. ನಡುವಿನ ತಲೆಮಾರು ಫೋನಿನಲ್ಲಿದೆ. ಬೆಂಗಳೂರಿನ ಎತ್ತರದ ಮನೆಗಳಲ್ಲಿ ತಂದೆತಾಯಿಗಳಿದ್ದಾರೆ, ಮಕ್ಕಳಿದ್ದಾರೆ, ಅಜ್ಜನು ಫೋನಿನಲ್ಲಿದ್ದಾನೆ. ಮೊದಲನೆಯದು ಬಡತನದಿಂದಾದದ್ದು, ಎರಡನೆಯದು ಅನುಕೂಲದಿಂದಾದದ್ದು. ಬಡತನದಿಂದ ಆದದ್ದಕ್ಕೆ ಆ ತಂದೆಯರನ್ನು ದೂರುವುದು ಅನ್ಯಾಯ. ಹಬ್ಬಕ್ಕೆ ಬಂದಾಗ ಕೂಸು ಗುರುತು ಹಿಡಿಯದೆ ಮುತ್ಯಾನ ಧೋತರದ ಹಿಂದೆ ಅವಿತುಕೊಂಡರೆ ಆ ತಂದೆಯ ಎದೆ ಏನಾಗಬೇಕು? ಅಲ್ಲಿ ಮುತ್ಯಾ ಮಾಡುವ ಒಂದು ಕೆಲಸವನ್ನು ಯಾರೂ ಕೆಲಸವೆಂದು ಎಣಿಸುವುದಿಲ್ಲ: ದಿನವೂ ಸಂಜೆ ಮಗುವಿಗೆ "ನಿಮ್ಮಪ್ಪ ಅಲ್ಲಿ ದೊಡ್ಡ ಮನಿ ಕಟ್ಟಲಿಕ್ಕೆ ಹತ್ಯಾನ" ಎಂದು ಹೇಳಿ, ಇಲ್ಲದ ತಂದೆಯನ್ನು ಮನೆಯಲ್ಲಿ ಇರುವಂತೆ ಮಾಡುವುದು. ತಂದೆಯು ಅಜ್ಜನಿಗೂ ಮೊಮ್ಮಗನಿಗೂ ನಡುವಿನವನು ಎಂದೆನಷ್ಟೆ. ಇಂಥ ಮನೆಗಳಲ್ಲಿ ಅಜ್ಜನೇ ತಂದೆಗೂ ಮಗುವಿಗೂ ನಡುವಿನವನಾಗಿ ನಿಲ್ಲುತ್ತಾನೆ.

ವೃದ್ಧರಾದ ತಂದೆತಾಯಿಗಳ ಪಾಲನೆಗಾಗಿ 2007ರಲ್ಲಿ ಸಂಸತ್ತು ಒಂದು ಕಾಯಿದೆಯನ್ನೇ ಮಾಡಬೇಕಾಯಿತು. ಮಗ, ಮಗಳು ಮಾತ್ರವಲ್ಲ, ಮೊಮ್ಮಗ ಮೊಮ್ಮಗಳು ಕೂಡ ಅದರ ವ್ಯಾಪ್ತಿಗೆ ಬರುತ್ತಾರೆ. ನಮ್ಮಲ್ಲಿ ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ತಿಂಗಳಿಗೆ ಹತ್ತು ಸಾವಿರ ರೂಪಾಯಿಯವರೆಗೆ ಜೀವನಾಂಶ ಕೊಡಿಸಬಹುದೆಂದು ಆ ಕಾಯಿದೆ ಗೊತ್ತುಪಡಿಸಿತು. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು, ನೋಡಿಕೊಳ್ಳದಿದ್ದರೆ ರದ್ದುಪಡಿಸಲೂ ಬರುತ್ತದೆ. ಇಂಥ ಕಾಯಿದೆ ಬೇಕಾಯಿತೆಂದು ನಾಚಿಕೊಳ್ಳುವವರಿದ್ದಾರೆ. ನನಗೆ ನಾಚಿಕೆಗಿಂತ ಸಮಾಧಾನವೇ ಹೆಚ್ಚು; ಹಸಿದವನಿಗೆ ಅನ್ನ ಯಾವ ಬಾಗಿಲಿಂದ ಬಂದರೂ ಅನ್ನವೇ. ಆದರೆ ಮಗನ ಮೇಲೆ ಅರ್ಜಿ ಹಾಕಿ ಕಚೇರಿಯ ಬೆಂಚಿನ ಮೇಲೆ ಕುಳಿತ ಮುದುಕರಲ್ಲಿ ಕೆಲವರಾದರೂ, ಹಿಂದೆ ಒಡೆಯರಾಗಿ ಮೆರೆದು ಮಗನನ್ನು ಆಳಿನಂತೆ ಕಂಡವರಿರಬಹುದಲ್ಲವೇ? ಅವರಿಗೂ ಅನ್ನ ಸಲ್ಲಬೇಕು. ಮಾತಿನ ಜೊತೆಯನ್ನು ಕೊಡಿಸಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ.

ಈ ಕಾಲದ ಬಗ್ಗೆ ಹೇಳಬೇಕಾದ ಒಳ್ಳೆಯ ಮಾತೂ ಇದೆ. ಹಿರಿಯರ ಎದುರು ಸ್ವಂತ ಕೂಸನ್ನು ಎತ್ತಿಕೊಳ್ಳಲು ತಂದೆಯಾದವನು ಸಂಕೋಚಪಡುತ್ತಿದ್ದ ಕಾಲವೊಂದಿತ್ತು. ಅದು ಅವಿಭಕ್ತ ಕುಟುಂಬದ ಮರ್ಯಾದೆಯೆನಿಸಿತ್ತು. ಇಂದಿನ ಯುವಕರು ಕೂಸಿಗೆ ಸ್ನಾನ ಮಾಡಿಸುತ್ತಾರೆ, ಜಡೆ ಹೆಣೆಯುತ್ತಾರೆ, ಶಾಲೆಯ ಬಾಗಿಲಲ್ಲಿ ಕಾಯುತ್ತಾರೆ. ಹಳೆಯ ಮರ್ಯಾದೆ ಹೋಯಿತೆಂದು ಮರುಗುವ ಹಿರಿಯರ ಪಕ್ಷಕ್ಕೆ ನಾನು ಸೇರಲಾರೆ.

ಇಷ್ಟೆಲ್ಲ ಓದಿದ ಮೇಲೆ ಒಬ್ಬ ವಾಚಕಿಯಾದರೂ ಕೇಳದಿರಲಾರರು: ತಂದೆಯಿಲ್ಲದೆ, ಅಥವಾ ತಂದೆ ಇದ್ದೂ ಇಲ್ಲದೆ, ತಾಯಿಯೊಬ್ಬಳ ದುಡಿಮೆಯಿಂದ ಬೆಳೆದವರು ಕಡಿಮೆಯೇ? ನಿಜವಾದ ಮಾತು. ಶಿವರಾಮ ಕಾರಂತರ 'ಮರಳಿ ಮಣ್ಣಿಗೆ' ಕಾದಂಬರಿಯಲ್ಲಿ ಮೂರು ತಲೆಮಾರುಗಳು ಬರುತ್ತವೆ. ಅಜ್ಜ ರಾಮ ಐತಾಳರು ಗಳಿಸಿದ್ದನ್ನು ಮಗ ಲಚ್ಚ ಹಾಳುಮಾಡುತ್ತಾನೆ. ಮೊಮ್ಮಗ ರಾಮನು ಓದು ಮುಗಿಸಿ ಊರಿನ ಮಣ್ಣಿಗೇ ಮರಳುತ್ತಾನೆ. ಅಜ್ಜನ ಹೆಸರನ್ನು ಹೊತ್ತ ಆ ಹುಡುಗನನ್ನು ದಡ ಸೇರಿಸಿದವಳು ತಾಯಿ ನಾಗವೇಣಿ. ನಡುವಿನ ಕೊಂಡಿ ಕಳಚಿದಲ್ಲಿ ಹೆಣ್ಣುಮಗಳು ಕೈಯೊಡ್ಡಿ ಎರಡು ತುದಿಗಳನ್ನು ಹಿಡಿದ ಕಥೆ ಅದು, ಮತ್ತು ನಮ್ಮ ಅಸಂಖ್ಯ ಮನೆಗಳ ಕಥೆಯೂ ಹೌದು. ಆದ್ದರಿಂದ ತಂದೆಯಿಲ್ಲದ ಮಗು ಕೆಡುತ್ತದೆಂದು ಹೇಳುವವರ ಮಾತು ಸುಳ್ಳು, ಕ್ರೂರವೂ ಹೌದು. ತಂದೆಯಿದ್ದೂ ತನ್ನ ಪಾಲಿನ ಭಾರವನ್ನು ಮತ್ತೊಬ್ಬಳ ಮೇಲೆ ಹೊರಿಸಿದನಲ್ಲ ಎಂಬುದಷ್ಟೇ ಇಲ್ಲಿ ಎತ್ತಬೇಕಾದ ಪ್ರಶ್ನೆ.

ಇನ್ನು, ತಂದೆಯೆಂದರೆ ಹುಟ್ಟಿಸಿದವನು ಮಾತ್ರವೇ? ವಿಜ್ಞಾನೇಶ್ವರನು ಹುಟ್ಟಿನಿಂದಲೇ ಸ್ವಾಮ್ಯವೆಂದು ಬರೆದ ಅದೇ ಕಲ್ಯಾಣದಲ್ಲಿ, ಕೆಲವು ದಶಕಗಳ ತರುವಾಯ, ಬಸವಣ್ಣನವರು ಹುಟ್ಟಿನ ಹಿರಿಮೆಯನ್ನೇ ಪಕ್ಕಕ್ಕೆ ಸರಿಸಿ ಮಾದಾರ ಚೆನ್ನಯ್ಯನನ್ನು ತಂದೆಯೆಂದು ಕರೆದರು. ಒಂದೇ ಊರು ಎರಡು ಉತ್ತರಗಳನ್ನು ಕೊಟ್ಟಿತು. ಎರಡನೆಯ ಉತ್ತರ ನಮ್ಮ ಆಡುಮಾತಿಗೆ ಹೊಸದೇನಲ್ಲ. ತಂದೆಯ ಅಣ್ಣ ದೊಡ್ಡಪ್ಪ, ತಮ್ಮ ಚಿಕ್ಕಪ್ಪ. ಅಪ್ಪ ಎಂಬ ಶಬ್ದವನ್ನು ಕನ್ನಡವು ಒಬ್ಬನಿಗೇ ಮೀಸಲಿಡಲಿಲ್ಲ. ಅಜ್ಜನು ಮೊಮ್ಮಗನನ್ನೂ "ಬಾರಪ್ಪಾ" ಎನ್ನುತ್ತಾನೆ. ಮಾವನ ಹೆಸರಿಟ್ಟ ಮಗುವನ್ನು ಆ ಹೆಸರಿನಿಂದ ಕರೆಯಲಾರದೆ ಸೊಸೆಯು ಅಪ್ಪಾಜಿಯೆಂದೋ ಅಪ್ಪಣ್ಣನೆಂದೋ ಕರೆಯುತ್ತಾಳೆ. ತೊಟ್ಟಿಲಲ್ಲಿಯೇ ಆ ಕೂಸು ಮನೆಗೆ ಅಪ್ಪನಾಗಿಬಿಡುತ್ತದೆ. ಹಳ್ಳಿಗಳಲ್ಲಿ ತಂದೆ ತೀರಿಕೊಂಡ ಹುಡುಗಿಯ ಲಗ್ನದ ದಿನ ತಂದೆಯ ಜಾಗದಲ್ಲಿ ದೊಡ್ಡಪ್ಪನೋ ಚಿಕ್ಕಪ್ಪನೋ ಕುಳಿತುಕೊಳ್ಳುತ್ತಾನೆ. ಅವರೂ ಇಲ್ಲದಿದ್ದರೆ ಓಣಿಯ ಹಿರಿಯನೊಬ್ಬ ಹೆಂಡತಿಯನ್ನು ಕರೆದುಕೊಂಡು ಬಂದು ಕುಳಿತುಕೊಳ್ಳುತ್ತಾನೆ. ಆತನಿಗೂ ಹುಡುಗಿಗೂ ಏನು ಸಂಬಂಧವೆಂದು ಹಂದರದಲ್ಲಿ ಯಾರೂ ಕೇಳುವುದಿಲ್ಲ.